ಒಂದ್ಹೆಜ್ಜೆ ಮಾವ

ನನ್ನ ಮಾವನವರ ಜೊತೆ ಬೀದಿಯಲ್ಲಿ ನಡೆದುಹೋಗುವುದು ಎಲ್ಲರಿಗೂ ಒಗ್ಗುವ ಕೆಲಸವಾಗಿರಲಿಲ್ಲ. ಹೆಗಲಿಗೆ ಹೆಗಲು ಸಮನಾಗಿ, ಮೈದಾಹಿಟ್ಟಿನ ಗುಣದೋಷಗಳಿಂದ ಹಿಡಿದು ನೆರೆಮನೆಯ ನಾಯಿಯ ದುರ್ನಡತೆಯವರೆಗೆ ಲೋಕಾಭಿರಾಮವಾಗಿ ಮಾತಾಡುತ್ತ ಬರುತ್ತಿದ್ದವರು, ಯಾವ ಮುನ್ಸೂಚನೆಯೂ ಇಲ್ಲದೆ ಸರಕ್ಕನೆ ಒಂದು ಹೆಜ್ಜೆ ಮುಂದಕ್ಕೆ ಹಾಕಿ ಗಕ್ಕನೆ ನಿಂತುಬಿಡುತ್ತಿದ್ದರು. ಆ ಕ್ಷಣದಲ್ಲಿ ಅವರ ಬಲಗೈ ತಾನೇ ತಾನಾಗಿ ಎದೆಯ ಮಟ್ಟಕ್ಕೆ ಏಳುತ್ತಿತ್ತು. ಅಲ್ಲಿಗೆ ಬಂದಮೇಲೆ ತಾನಿರುವುದು ಬೀದಿಯಲ್ಲಿ ಎಂಬ ಅರಿವು ಮೂಡಿ, ಬಂದದ್ದಕ್ಕೆ ಏನಾದರೊಂದು ನೆಪ ಬೇಕಲ್ಲ ಎಂಬಂತೆ ಕಿವಿಯನ್ನು ತುರಿಸಿ ಕೆಳಗಿಳಿಯುತ್ತಿತ್ತು. ಮದುವೆಯಾದ ಹೊಸತರಲ್ಲಿ, ಬೇಕರಿಗೆಂದು ಕೊಂಡ ಮೊಟ್ಟೆಯ ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಒಳ್ಳೆಯ ಅಳಿಯನೆನಿಸಿಕೊಳ್ಳುವ ಹುಮ್ಮಸ್ಸಿನಲ್ಲಿ ಅವರ ಬೆನ್ನಹಿಂದೆಯೇ ಬರುತ್ತಿದ್ದ ನಾನು, ಈ ಪರಿಯ ನಿಲುಗಡೆಯ ಕಲ್ಪನೆಯೇ ಇಲ್ಲದೆ ಬುಟ್ಟಿಸಮೇತ ಅವರ ಮೇಲೆ ಬಿದ್ದೆ. ಕೋಟಿನ ಬೆನ್ನ ಮೇಲಿಂದ ಹಳದಿ ಲೋಳೆ ನಿಧಾನವಾಗಿ ಇಳಿಯುತ್ತಿದ್ದರೆ ಮಾವನವರು ತಿರುಗಿಯೂ ನೋಡದೆ, ಕೋಪವನ್ನೂ ಮಾಡಿಕೊಳ್ಳದೆ, “ತಪ್ಪು ನಿಮ್ದೇ ಅಳಿಯಂದ್ರೇ, ಹಿಂದೆ ಬರೋರು ನೋಡ್ಕೊಂಡು ಬರ್ಬೇಕು” ಎಂದರು. ಆ ದಿನ ಬೇಕರಿಯಲ್ಲಿ ಕೇಕು ಇರಲಿಲ್ಲ.

ಊರೆಲ್ಲ ಅವರನ್ನು ಕರೆಯುತ್ತಿದ್ದದ್ದು ‘ಒಂದ್ಹೆಜ್ಜೆ’ ಎಂದು. ಹಿಂದಿನಿಂದ ಯಾರಾದರೂ ಅವರ ನಿಜನಾಮ ಹಿಡಿದು ಕೂಗಿದರೆ ಬೇರೆ ಯಾರನ್ನೋ ಕೂಗುತ್ತಿರಬೇಕೆಂದು ಅವರು ತಮ್ಮ ಪಾಡಿಗೆ ಹೋಗುತ್ತಿದ್ದರು. ಕುಳ್ಳ ಶರೀರ, ಅದಕ್ಕೆ ಒಪ್ಪದಷ್ಟು ಅಗಲವಾದ ಭುಜಗಳು, ವರ್ಷಾನುಗಟ್ಟಲೆ ಭಟ್ಟಿಯ ಬಾಯಿಗೆ ಎದುರಾಗಿ ನಿಂತು ಇಟ್ಟಿಗೆಯ ಬಣ್ಣಕ್ಕೆ ತಿರುಗಿದ ಮುಖ, ಹುಬ್ಬಿನ ಕೂದಲಲ್ಲಿ ಸದಾಕಾಲ ಒಂದಿಷ್ಟು ಹಿಟ್ಟು. ಮಾತಿಗೆ ಮೊದಲು “ಅದು ಹಾಗಲ್ಲ” ಎನ್ನದೆ ಅವರ ನಾಲಗೆ ಹೊರಳುತ್ತಿರಲಿಲ್ಲ. “ಇವತ್ತು ಸೆಕೆ ಜಾಸ್ತಿ” ಎಂದು ನಾವು ಅಂದರೆ, “ಅದು ಹಾಗಲ್ಲ, ಇವತ್ತು ಸೆಕೆ ಜಾಸ್ತಿ” ಎಂದು ಗಂಭೀರವಾಗಿ ನಮ್ಮನ್ನು ಖಂಡಿಸಿ ನಮ್ಮ ಮಾತನ್ನೇ ನಮಗೆ ಹಿಂದಿರುಗಿಸುತ್ತಿದ್ದರು. ಹೀಗೆ ನೋಡಿದರೆ ಬೀದಿಗೊಬ್ಬರಂತೆ ಸಿಗಬಹುದಾದ ಒಬ್ಬ ಬೇಕರಿಯವರು. ಆದರೆ ನಮ್ಮ ದೇಶದವರು ಮೊಟ್ಟಮೊದಲ ಬಾರಿಗೆ ಒಂದು ಫುಟ್‌ಬಾಲ್ ತಂಡ ಕಟ್ಟಿ ಹೊರದೇಶಕ್ಕೆ ಆಡಲು ಹೋದಾಗ ಆ ಹನ್ನೊಂದು ಮಂದಿಯಲ್ಲಿ ಇವರೂ ಒಬ್ಬರು. ಅವರ ಕಾಲದಲ್ಲಿ ಅವರ ಬಲಗೈ ಮೇಲೆದ್ದರೆ ಇಡೀ ಮೈದಾನ ಉಸಿರು ಹಿಡಿದು ನಿಲ್ಲುತ್ತಿತ್ತಂತೆ.

ಆ ಕೈಯ ಪ್ರತಾಪಕ್ಕೆ ಸಾಕ್ಷಿ ಬೇಕಾದವರು ಅವರ ಕೋಟನ್ನು ನೋಡಬೇಕಾಗಿತ್ತು. ದೇಶದ ಪರವಾಗಿ ಆಡಿದವರಿಗೆಂದು ಫುಟ್‌ಬಾಲ್ ಸಂಘ ಹೊಲಿಸಿಕೊಟ್ಟ ದಪ್ಪ ಉಣ್ಣೆಯ ನೀಲಿ ಕೋಟು. ಜೇಬಿನ ಮೇಲಿನ ಲಾಂಛನ ಹಿಟ್ಟು ತಿಂದು ತಿಂದು ಯಾವ ದೇಶದ್ದೆಂದು ಹೇಳಲಾಗದ ಸ್ಥಿತಿಗೆ ಬಂದಿತ್ತು. ಆ ಕೋಟಿನ ಬಲಗಂಕುಳಲ್ಲಿ, ಕೋಟಿನದೇ ಏಕೆ, ಅವರ ಎಲ್ಲ ಅಂಗಿಗಳ ಬಲಗಂಕುಳಲ್ಲೂ ಬೇರೆ ಬಟ್ಟೆಯ ಒಂದು ತೇಪೆಯಿತ್ತು. ಎಡಗಡೆ ಹೊಸದರಂತಿರುತ್ತಿತ್ತು, ಬಲಗಡೆ ವರ್ಷಕ್ಕೊಮ್ಮೆ ಹರಿಯುತ್ತಿತ್ತು. “ನಿಮ್ಮ ಮದುವೆಗೆ ಹೊಲಿಸಿದ ಅಂಗಿಗೂ ಮೊದಲೇ ತೇಪೆ ಹಾಕಿಸಿಟ್ಟಿದ್ದೆ ಕಣಪ್ಪ, ಇವರನ್ನ ನಂಬೋಕಾಗುತ್ತಾ?” ಎಂದು ಅತ್ತೆ ನನ್ನೊಡನೆ ಹೇಳಿದ್ದುಂಟು.

ಮದುವೆಗೆ ಮುಂಚೆ, ಫುಟ್‌ಬಾಲ್ ಎಂದರೆ ಇಪ್ಪತ್ತೆರಡು ಜನ ಒಂದು ಚೆಂಡಿಗಾಗಿ ಜಗಳವಾಡುವುದು ಎಂದಷ್ಟೇ ತಿಳಿದಿದ್ದ ನನಗೆ ಮಾವನವರ ವಿದ್ಯೆಯ ಮರ್ಮವನ್ನು ಬಿಡಿಸಿ ಹೇಳಿದವರೂ ಅತ್ತೆಯೇ. ಬೇಕರಿಯ ಹಿಂಬದಿಯ ಕೋಣೆಯಲ್ಲಿ, ಆಗತಾನೆ ಭಟ್ಟಿಯಿಂದಿಳಿದ ತಟ್ಟೆಯನ್ನು ಮುಂದಕ್ಕೆಳೆದುಕೊಂಡು ಅವರು ಮೂರು ಬನ್ನುಗಳನ್ನು ಒಂದು ಕಡೆ ಇಟ್ಟರು.

“ಈ ಹಿಂದಿರೋ ಬನ್ನು ನಮ್ಮ ಗೋಲ್‌ಕೀಪರ್ರು. ಇದು ನಮ್ಮಣ್ಣ. ಇದು ಇವರು. ಈ ರಸ್ಕು ಎದುರು ಪಕ್ಷದೋನು, ಗೋಲು ಹೊಡಿಯೋಕೆ ಬಂದು ನಿಂತವ್ನೆ. ಆಗಿನ ಕಾಲ್ದಲ್ಲಿ, ಇವನ ಕಡೆಯೋನು ಹಿಂದಿನಿಂದ ಚೆಂಡು ಒದ್ದು ಕೊಡೋ ಹೊತ್ತಿಗೆ, ಇವನಿಗೂ ಗೋಲಿಗೂ ಮಧ್ಯೆ ನಮ್ಮೋರು ಮೂರು ಜನ ಇರ್ಬೇಕಿತ್ತು. ಇಲ್ದಿದ್ರೆ ಆಫ್‌ಸೈಡು ಅಂತ ಆಟ ನಿಲ್ಸಿ ಚೆಂಡು ನಮಗೆ ಕೊಡೋರು. ಈಗ ನೋಡಿ.” ಅತ್ತೆ ಮಾವನವರ ಬನ್ನನ್ನು ರಸ್ಕಿನಿಂದ ಒಂದು ಬೆರಳಿನಷ್ಟು ಆಚೆಗೆ ಸರಿಸಿದರು. “ಎಷ್ಟು ಜನ ಉಳಿದ್ರು?”

“ಇಬ್ಬರು.”

“ಅಷ್ಟೇ ಇವರ ವಿದ್ಯೆ. ಇನ್ನು ತಿನ್ನಿ, ಬಿಸಿ ಇರೋವಾಗ್ಲೇ.”

ಅಷ್ಟೇ ಎಂದರೆ ಅಷ್ಟೇ. ಆದರೆ ಆ ಬೆರಳಿನಷ್ಟು ದೂರವನ್ನು ದಾಟಬೇಕಾದ ಕ್ಷಣವಿದೆಯಲ್ಲ, ಅದನ್ನು ಹಿಡಿಯುವುದು ಸಾಮಾನ್ಯರಿಂದ ಆಗುವಂಥದ್ದಲ್ಲ. ಒಂದು ಗಳಿಗೆ ಮುಂಚೆ ಹೆಜ್ಜೆ ಹಾಕಿದರೆ ಎದುರಾಳಿಯೂ ಎಚ್ಚೆತ್ತು ಜೊತೆಗೇ ಸರಿಯುತ್ತಾನೆ. ಒಂದು ಗಳಿಗೆ ತಡವಾದರೆ ಅವನು ಗೋಲಿನ ಬಾಗಿಲಲ್ಲಿರುತ್ತಾನೆ. ಚೆಂಡು ಒದೆಯುವವನ ಪಾದವನ್ನು ಎಲ್ಲರೂ ನೋಡುತ್ತಿದ್ದರೆ ಮಾವನವರು ಅವನ ಮಂಡಿಯನ್ನು ನೋಡುತ್ತಿದ್ದರಂತೆ. ಮಂಡಿ ಇನ್ನೇನು ಚಾಚಿಕೊಳ್ಳಬೇಕು ಎನ್ನುವಾಗ ಇವರ ಹೆಜ್ಜೆ ಮುಂದೆ, ಕೈ ಮೇಲೆ. ಶಿಳ್ಳೆ ಊದಿಯಾಗುತ್ತಿತ್ತು. ಎದುರು ಪಕ್ಷದವರು ಹಲ್ಲು ಕಡಿದು, ನೆಲ ಒದ್ದು, ರೆಫರಿಯ ಹಿರಿಯರನ್ನೆಲ್ಲ ಸ್ಮರಿಸಿ ಸುಮ್ಮನಾಗುತ್ತಿದ್ದರು.

ಇದರ ಜೊತೆಗೆ ಮಾವನವರದೊಂದು ಹಟವಿತ್ತು. ಕೈ ಎತ್ತಿದ ಮೇಲೆ ಅವರು ಲೈನ್ಸ್‌ಮನ್ನಿನ ಬಾವುಟದ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಆಟಕ್ಕೆ ಬೆನ್ನು ತಿರುಗಿಸಿ, ತಮ್ಮ ಕಡೆಯವರು ಚೆಂಡು ಒದೆಯಬೇಕಾದ ಜಾಗಕ್ಕೆ ನೆಟ್ಟಗೆ ನಡೆದುಹೋಗಿ, ಹುಲ್ಲಿನ ಮೇಲೆ ಹಿಮ್ಮಡಿಯಿಂದ ಗುರುತು ಮಾಡಿ ನಿಲ್ಲುತ್ತಿದ್ದರು. “ತಿರುಗಿ ನೋಡಿದ್ರೆ ನನಗೇ ಅನುಮಾನ ಅಂತಾಯ್ತಲ್ಲ” ಎನ್ನುವುದು ಅವರ ವಾದ. ಬೇಕರಿಯಲ್ಲೂ ಇದೇ ಸಿದ್ಧಾಂತ. ಬ್ರೆಡ್ಡಿನ ಅಚ್ಚುಗಳನ್ನು ಭಟ್ಟಿಯೊಳಗೆ ತಳ್ಳಿ ಬಾಗಿಲು ಮುಚ್ಚಿದರೆಂದರೆ, ಹೊರತೆಗೆಯುವ ಹೊತ್ತು ಬರುವತನಕ ಬಾಗಿಲು ತೆರೆದು ಇಣುಕುವುದೆಂಬುದಿಲ್ಲ. ಅವರು ಗಲ್ಲಾಪೆಟ್ಟಿಗೆಯ ಕಡೆ ಗಿರಾಕಿಗಳೊಡನೆ ಹರಟಲು ಹೋದಾಗ, ಭಟ್ಟಿಯ ಹಿಂಬದಿಯ ಮೂಲೆಯಲ್ಲಿ ಸೀದುಹೋಗಲಿದ್ದ ಅಚ್ಚುಗಳನ್ನು ಸದ್ದಿಲ್ಲದೆ ತಿರುಗಿಸಿಡುತ್ತಿದ್ದವರು ಇನ್ನೊಬ್ಬರಿದ್ದರು. ಆ ಸಂಗತಿ ಮಾವನವರಿಗೆ ಬಹುಕಾಲ ಗೊತ್ತಿರಲಿಲ್ಲ.

ಆ ಇನ್ನೊಬ್ಬರು ಅತ್ತೆಯ ಅಣ್ಣ, ಬೇಕರಿಯಲ್ಲಿ ಪಾಲುದಾರರು, ಮೈದಾನದಲ್ಲಿ ಮಾವನವರ ಜೊತೆ ಗೋಲಿನ ಮುಂದೆ ಕಾವಲು ನಿಲ್ಲುವ ಜೋಡಿ ಬ್ಯಾಕ್. ಊರು ಅವರಿಗಿಟ್ಟ ಹೆಸರು ‘ಕಂಬ’; ಮನೆಯಲ್ಲಿ ಅದು ಸ್ವಲ್ಪ ಮರ್ಯಾದೆ ಗಳಿಸಿ ಕಂಬಣ್ಣ ಆಗಿತ್ತು. ಎತ್ತರದ, ಮಂದಗತಿಯ, ನಗುವುದಕ್ಕೂ ಸಾವಕಾಶ ಮಾಡುವ ಮನುಷ್ಯ. ಹಿಟ್ಟು ನಾದುವ ತೊಟ್ಟಿಯ ಮುಂದೆ ನಿಂತರೆ ಬೆಳಗು ಕಳೆಯುವತನಕ ನಿಂತೇ ಇರುವವರು. ಭಾವ ಭಾವ ಎಂದು ಒಬ್ಬರನ್ನೊಬ್ಬರು ಕರೆದುಕೊಂಡರೂ ಇಬ್ಬರೂ ಚಿಕ್ಕಂದಿನಿಂದ ಒಂದೇ ಮೈದಾನದ ಧೂಳು ತಿಂದವರಾದ್ದರಿಂದ ಏಕವಚನ ಬಿಟ್ಟುಹೋಗಿರಲಿಲ್ಲ. ಒಬ್ಬರು ಮುಂದೆ ಹೆಜ್ಜೆ ಹಾಕಬೇಕಾದರೆ ಇನ್ನೊಬ್ಬರು ಹಿಂದೆ ಉಳಿಯಲೇಬೇಕಿತ್ತು, ಅವರು ಉಳಿದರು. ಯಾವ ಪತ್ರಿಕೆಯೂ ಅವರ ಬಗ್ಗೆ ಎರಡು ಸಾಲು ಬರೆದದ್ದಿಲ್ಲ. ನಿಂತವನ ಬಗ್ಗೆ ಬರೆಯುವುದಾದರೂ ಏನನ್ನು?

ಹೀಗೆ ಸುಖವಾಗಿ ವರ್ಷಗಳು ಕಳೆದವು. ತಂಡ ರೈಲು ಹತ್ತಿ ಹೋಗಿ ಸುತ್ತಣ ನಾಲ್ಕಾರು ದೇಶಗಳಲ್ಲಿ ಆಡಿತು, ಒಮ್ಮೆ ಹಡಗನ್ನೂ ಏರಿತು. ಹಡಗಿನಲ್ಲಿ ಮಾವನವರು ಹೊಟ್ಟೆ ತೊಳೆಸಿ ಮೂಲೆ ಹಿಡಿದಿದ್ದವರು ದಡ ಕಂಡೊಡನೆ ಎದ್ದು ಕೂತು “ಅದು ಹಾಗಲ್ಲ, ನನಗೆ ಏನೂ ಆಗಿಲ್ಲ” ಎಂದರಂತೆ. ಹೋದಕಡೆಯಲ್ಲೆಲ್ಲ ಜನ ಅವರ ಕೈಯನ್ನು ನೋಡಲೆಂದೇ ಬಂದರು. ಆದರೆ ಒಂದು ಕೊರತೆ ಮಾತ್ರ ಉಳಿದಿತ್ತು. ನಮ್ಮಲ್ಲಿ ಹೊರದೇಶದ ತಂಡವನ್ನು ಕರೆಸಿ ಆಡಿಸುವಂಥ ಮೈದಾನವೇ ಇರಲಿಲ್ಲವಾಗಿ, ದೇಶದ ಅಂಗಿ ತೊಟ್ಟು ತಮ್ಮ ಜನದ ಎದುರಿಗೆ ಒಂದೇ ಒಂದು ಸಲವಾದರೂ ಆಡುವ ಭಾಗ್ಯ ಅವರಿಗೆ ಒದಗಿರಲಿಲ್ಲ. ಮೈದಾನ ಕಟ್ಟುತ್ತಾರಂತೆ ಎಂಬ ಸುದ್ದಿ ಹುಟ್ಟಿದ ದಿನದಿಂದ ಮಾವನವರಿಗೆ ಅದೊಂದೇ ಧ್ಯಾನ.

ಅಷ್ಟರಲ್ಲಿ ನಿಯಮ ಬದಲಾಯಿತು. ಸಂಘದ ಕಾರ್ಯದರ್ಶಿಗಳಾಗಿದ್ದ ಔಷಧಿ ಅಂಗಡಿಯವರು ಆಟಗಾರರನ್ನೆಲ್ಲ ಕೂರಿಸಿಕೊಂಡು, ಮೂವರ ಬದಲು ಇನ್ನು ಇಬ್ಬರಿದ್ದರೆ ಸಾಕು ಎಂದು ವಿವರಿಸಿದರು. ಇಬ್ಬರೆಂದರೆ ಗೋಲ್‌ಕೀಪರ್ ಮತ್ತು ಕಂಬಣ್ಣ. ಅಂದರೆ ಮಾವನವರು ಮುಂದೆ ಹೆಜ್ಜೆ ಹಾಕಿದರೂ ಒಂದೇ, ಮನೆಯಲ್ಲಿ ಮಲಗಿದ್ದರೂ ಒಂದೇ. ಎದುರಾಳಿ ಸುಖವಾಗಿ ಚೆಂಡು ತೆಗೆದುಕೊಂಡು ಹೋಗಬಹುದು. ಎಲ್ಲರೂ ಮೆಲ್ಲಗೆ ಮಾವನವರ ಮುಖ ನೋಡಿದರು. ಅವರು “ಅದು ಹಾಗಲ್ಲ, ಸರಿ ಬಿಡಿ, ಬದಲಾಯಿಸ್ಕೊಂಡ್ರಾಯ್ತು” ಎಂದು ಟೋಪಿ ಹಾಕಿಕೊಂಡು ಎದ್ದರು.

ಬದಲಾಯಿಸಿಕೊಳ್ಳುತ್ತಿದ್ದರೋ ಏನೋ, ಬದಲಾಯಿಸಿಕೊಳ್ಳಲು ಊರಿನವರು ಬಿಡಬೇಕಲ್ಲ! ಮುಂದಿನ ವಾರದ ಊರ ಪಂದ್ಯದಲ್ಲಿ ಅಭ್ಯಾಸಬಲದಿಂದ ಹೆಜ್ಜೆ ಮುಂದೆ ಬಂತು, ಕೈ ಮೇಲೆದ್ದಿತು. ಎದುರಾಳಿ ಫಾರ್ವರ್ಡನೂ ಅಭ್ಯಾಸಬಲದಿಂದಲೇ ನಿಂತುಬಿಟ್ಟ. ರೆಫರಿಯಾಗಿದ್ದ ಶಾಲಾ ಮೇಷ್ಟರು ಅದೇ ಅಭ್ಯಾಸಬಲದಿಂದ ಶಿಳ್ಳೆ ಊದಿದರು. ಊದಿದ ಮೇಲೆ ಅವರಿಗೆ ಹೊಸ ನಿಯಮ ನೆನಪಾಯಿತಂತೆ, ಆದರೆ ಅಷ್ಟು ಜನರ ಮುಂದೆ ಒಂದ್ಹೆಜ್ಜೆಯವರ ಕೈಯನ್ನು ಕೆಳಗಿಳಿಸುವ ಮನಸ್ಸು ಯಾರಿಗೆ ತಾನೆ ಬರುತ್ತದೆ? ಆಮೇಲಿನ ಪಂದ್ಯದಲ್ಲೂ ಅಷ್ಟೇ, ಅದರಾಚೆಗೂ ಅಷ್ಟೇ. ವರ್ಷಗಳ ಕಾಲ ಅವರ ಕೈಗೆ ಹೆದರಿದ್ದವರು ಹೆದರುತ್ತಲೇ ಇದ್ದರು, ಗೌರವಿಸಿದ್ದವರು ಗೌರವಿಸುತ್ತಲೇ ಇದ್ದರು. ಹೀಗೆ ಊರವರ ದಾಕ್ಷಿಣ್ಯವೇ ಅವರಿಗೆ ಮುಳುವಾಯಿತು. ನಿಯಮ ಬದಲಾದದ್ದು ಎಲ್ಲೋ ಕಾಗದದಲ್ಲಿ, ಆಟದಲ್ಲಿ ಏನೂ ಬದಲಾಗಿಲ್ಲ ಎಂದು ಅವರು ನಂಬಿಬಿಟ್ಟರು.

ಆ ನಂಬಿಕೆಯನ್ನು ಗಂಟುಕಟ್ಟಿಕೊಂಡು ಅವರು ನೆರೆಯ ದೇಶಕ್ಕೆ ಆಡಲು ಹೋದರು. ಅಲ್ಲಿನವರಿಗೆ ಇವರ ಬೇಕರಿಯ ಋಣವಿಲ್ಲ, ಇವರ ಕೈಯ ಹಂಗಿಲ್ಲ. ಪಂದ್ಯ ಸಮವಾಗಿ ಸಾಗುತ್ತಿದ್ದಾಗ, ಎಡಗಾಲಿನಲ್ಲಿ ಒದೆಯುವ ಉದ್ದನೆಯ ಫಾರ್ವರ್ಡನೊಬ್ಬನ ಕಡೆಗೆ ಹಿಂದಿನಿಂದ ಚೆಂಡು ಬಂತು. ಮಾವನವರು ಮಂಡಿ ನೋಡಿದರು, ಹೆಜ್ಜೆ ಹಾಕಿದರು, ಕೈ ಎತ್ತಿದರು, ಬೆನ್ನು ತಿರುಗಿಸಿದರು. ತಮ್ಮ ಎಂದಿನ ಗತ್ತಿನಲ್ಲಿ ನಡೆದುಹೋಗಿ ಹಿಮ್ಮಡಿಯಿಂದ ಹುಲ್ಲಿನ ಮೇಲೆ ಗುರುತು ಮಾಡುತ್ತಿರುವಾಗ ಬೆನ್ನ ಹಿಂದೆ ಇಡೀ ಮೈದಾನ ಭೋರೆಂದು ಕೂಗಿತು. ಅಯ್ಯೋ, ಆ ಪುಣ್ಯಾತ್ಮರು ಅದನ್ನು ತಮ್ಮ ವಿದ್ಯೆಗೆ ಸಂದ ಮೆಚ್ಚುಗೆ ಎಂದುಕೊಂಡರು! ಪರದೇಶದವರಾದರೂ ಎಂಥ ರಸಿಕರು ಎಂದು ಮನಸ್ಸು ತುಂಬಿಬಂದು, ಟೋಪಿ ಮುಟ್ಟಿ, ಜನಸ್ತೋಮದ ಕಡೆಗೆ ವಿನಯದಿಂದ ತಲೆ ಬಾಗಿಸಿದರು. ಕೂಗು ನಗುವಾಯಿತು. ಆಮೇಲೆ ತಿರುಗಿ ನೋಡಿದರೆ, ಗೋಲ್‌ಕೀಪರ್ ಬಲೆಯೊಳಗಿಂದ ಚೆಂಡನ್ನು ತೆಗೆಯುತ್ತಿದ್ದಾನೆ. ಒಂಟಿಯಾಗಿ ಎದುರು ಪಕ್ಷದ ಇಬ್ಬರನ್ನು ತಡೆಯಹೋಗಿ ಬಿದ್ದ ಕಂಬಣ್ಣ ಮಂಡಿ ಹಿಡಿದುಕೊಂಡು ನೆಲದ ಮೇಲೆ ಕೂತಿದ್ದಾರೆ.

ಆ ವಂದನೆಯ ವ್ಯಂಗ್ಯಚಿತ್ರ ಎರಡೂ ದೇಶದ ಪತ್ರಿಕೆಗಳಲ್ಲಿ ಬಂತು. ಬೇಕರಿಗೆ ಬಂದ ಗಿರಾಕಿಗಳು ಬ್ರೆಡ್ಡು ಕೇಳುವಾಗ ಕೈ ಎತ್ತಿ ತಲೆ ಬಾಗಿಸಿ ನಗುತ್ತಿದ್ದರು. ಮಾವನವರು ಬ್ರೆಡ್ಡು ಕಟ್ಟಿಕೊಟ್ಟು ಚಿಲ್ಲರೆ ಎಣಿಸುತ್ತಿದ್ದರು. ಅತ್ತೆಗೆ ನಿಜವಾಗಿ ಭಯವಾದದ್ದು ಆ ನಗೆಗಲ್ಲ. ಒಂದು ಮುಂಜಾನೆ ಅವರು ಒಳಗೆ ಬಂದಾಗ ಮಾವನವರು ಭಟ್ಟಿಯ ಬಾಗಿಲು ತೆರೆದು, ಬಗ್ಗಿ, ಬೆಂದಿದೆಯೋ ಇಲ್ಲವೋ ಎಂದು ಒಳಗೆ ನೋಡುತ್ತಿದ್ದರಂತೆ; ಮುಚ್ಚಿ, ಮತ್ತೆ ತೆರೆದು, ಮತ್ತೆ ನೋಡಿದರಂತೆ. “ಅವತ್ತು ನನಗೆ ಅಳು ತಡೆಯೋಕಾಗ್ಲಿಲ್ಲ ಕಣಪ್ಪ. ಹೊರಗೆ ಹೋಗಿ ಅತ್ತು ಬಂದೆ” ಎಂದು ಅತ್ತೆ ಹೇಳಿದರು.

ಇಂಥ ದಿನಗಳಲ್ಲಿಯೇ ಔಷಧಿ ಅಂಗಡಿಯವರು ಬೇಕರಿಗೆ ಬಂದದ್ದು. ಹೊಸ ಮೈದಾನ ಸಿದ್ಧವಾಗಿತ್ತು. ಅದೇ ನೆರೆದೇಶದ ತಂಡ ಮೊದಲ ಬಾರಿಗೆ ನಮ್ಮಲ್ಲಿಗೆ ಬರಲಿತ್ತು. ಅವರು ಒಂದು ಬನ್ನು ಮುರಿದುಕೊಂಡು, ಮಾವನವರ ಮುಖ ತಪ್ಪಿಸಿ, ಗೋಡೆಗೆ ಹೇಳುವಂತೆ ಹೇಳಿದರು.

“ನೋಡಿ, ಸಮಿತಿಯವರು ನಿಮ್ಮನ್ನ ತಂಡದಿಂದ ಬಿಡ್ಬೇಕು ಅಂತಾನೇ ಇದ್ರು. ರೈಲ್ವೆ ಕಚೇರಿ ಹುಡುಗ ಒಬ್ಬ ಚೆನ್ನಾಗಿ ಆಡ್ತಾನೆ. ನಾನೇ ಜಗಳ ಆಡಿ ಸ್ವಲ್ಪ ಟೈಮ್ ತಗೊಂಡಿದೀನಿ. ಆ ಹೆಜ್ಜೆ ಬಿಟ್ಟು ಆಡೋದಾದ್ರೆ ಜಾಗ ನಿಮ್ದು. ಬಿಡೋಕಾಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ.”

ಮಾವನವರು ಕೈಗಂಟಿದ ಹಿಟ್ಟನ್ನು ಕೊಡವಿ, “ಬಿಡ್ತೀನಿ” ಎಂದರು. ತಮ್ಮ ಜನದ ಮುಂದೆ ಆಡುವ ಆಸೆ ಅಂಥದು.

ಬಿಡುತ್ತೇನೆಂದರೆ ಬಿಟ್ಟುಹೋಗಲು ಅದೇನು ತೊಟ್ಟ ಅಂಗಿಯೇ? ಬೇಕರಿಯ ಹಿತ್ತಲಲ್ಲಿ ಅಭ್ಯಾಸ ಶುರುವಾಯಿತು. ಕಂಬಣ್ಣ ಮತ್ತು ಬೇಕರಿಯ ಆಳುಗಳು ದೂರದಿಂದ ಚೆಂಡು ಒದೆಯುವುದು, ಮಾವನವರು ಮುಂದೆ ಹೋಗದೆ ಹಿಂದೆ ಸರಿಯುವುದು. ಹೇಳುವುದಕ್ಕೆ ಸುಲಭ. ಒದೆಯುವವನ ಮಂಡಿ ಅಲುಗಿತೋ ಇಲ್ಲವೋ, ಇವರು ಮುಂದೆ! ತಲೆ ಬೇಡವೆನ್ನುವಾಗಲೇ ಕಾಲು ಹೊರಟಿರುತ್ತಿತ್ತು. ಕೊನೆಗೆ ಅತ್ತೆಯೇ ಹಿಟ್ಟಿನ ಮೂಟೆ ಕಟ್ಟುವ ಹಗ್ಗವೊಂದನ್ನು ತಂದು ಗಂಡನ ಸೊಂಟಕ್ಕೆ ಬಿಗಿದು, ಇನ್ನೊಂದು ತುದಿ ಹಿಡಿದು ಹಿತ್ತಲ ಮೆಟ್ಟಿಲ ಮೇಲೆ ಕೂತರು. ಹೆಜ್ಜೆ ಮುಂದೆ ಬಂದರೆ ಹಗ್ಗ ಹಿಂದಕ್ಕೆ.

“ರೀ, ಹೋದ್ರಿ!”

“ಅದು ಹಾಗಲ್ಲ, ಎಲ್ಲಿ ಹೋದೆ? ಇಲ್ಲೇ ಇದೀನಲ್ಲ.”

“ಹಗ್ಗ ನನ್ನ ಕೈಲಿದೆ ಅಂತ ಇಲ್ಲೇ ಇದೀರಿ.”

ಅಕ್ಕಪಕ್ಕದ ಹೆಂಗಸರು ಕಾಂಪೌಂಡಿನ ಮೇಲಿಂದ ಇಣುಕಿ, “ಗಂಡನ್ನ ಹಿಡಿತದಲ್ಲಿ ಇಟ್ಕೊಳೋದು ಅಂದ್ರೆ ನಿಮ್ಮನ್ನ ನೋಡಿ ಕಲೀಬೇಕು” ಎಂದು ನಗುತ್ತಿದ್ದರು. ಒಂದು ದಿನ ಕೆಲಸ ಕೆಡುತ್ತದೆಂದು ಅತ್ತೆ ಹಗ್ಗದ ತುದಿಯನ್ನು ತಮ್ಮ ಸೊಂಟಕ್ಕೇ ಸುತ್ತಿಕೊಂಡು ಬಟ್ಟೆ ಒಗೆಯಲು ಕೂತಿದ್ದರು. ಕಂಬಣ್ಣ ಒದ್ದ ಚೆಂಡಿಗೆ ಮಾವನವರು ಹಾಕಿದ ಹೆಜ್ಜೆ ಎಷ್ಟು ಜೋರಾಗಿತ್ತೆಂದರೆ, ಅತ್ತೆ ಬಕೆಟ್ಟಿನ ಸಮೇತ ಅಂಗಳದ ನಡುವಿಗೆ ಬಂದರು. ಸೋಪಿನ ನೀರಿನಲ್ಲಿ ಗಂಡಹೆಂಡಿರಿಬ್ಬರೂ ಕೂತು ಒಬ್ಬರ ಮುಖ ಒಬ್ಬರು ನೋಡಿದರು. ಗೋಲಿನ ದಿನದಿಂದ ನಗದಿದ್ದ ಮಾವನವರು ಅಂದು ಹೊಟ್ಟೆ ಹುಣ್ಣಾಗುವಂತೆ ನಕ್ಕರಂತೆ. ಅಲ್ಲಿಂದ ಮುಂದೆ ಕಾಲು ಸ್ವಲ್ಪ ಸ್ವಲ್ಪವಾಗಿ ಮಾತು ಕೇಳತೊಡಗಿತು. ಹಗ್ಗ ಬಿಗಿಯಾಗುವುದು ಕಡಿಮೆಯಾಯಿತು. ಒಂದು ದಿನ ಅತ್ತೆ ಹಗ್ಗವನ್ನು ಬಿಚ್ಚಿದರು. ಔಷಧಿ ಅಂಗಡಿಯವರು ಬಂದು ನೋಡಿ ತಲೆಯಾಡಿಸಿ ಹೋದರು.

ಪಂದ್ಯದ ದಿನ ಹೊಸ ಮೈದಾನದಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಅಷ್ಟು ಜನವೂ ಬಂದದ್ದು ಕೈಯನ್ನು ನೋಡಲು. ನಕ್ಕವರು, ಕೀಟಲೆ ಮಾಡಿದವರು, ಎಲ್ಲರೂ ಮನಸ್ಸಿನ ಒಂದು ಮೂಲೆಯಲ್ಲಿ ಆ ಕೈ ಮತ್ತೆ ಮೇಲೆದ್ದು ನೆರೆಯವರ ನಗುವಿಗೆ ಉತ್ತರ ಕೊಡಲಿ ಎಂದು ಹಾರೈಸುತ್ತಿದ್ದರು. ಆಟ ನಡೆಯಿತು, ಕೈ ಏಳಲಿಲ್ಲ. ಮಾವನವರು ಮುಂದೆ ಹೋಗಬೇಕಾದ ಕಡೆಯಲ್ಲೆಲ್ಲ ಹಿಂದೆ ಸರಿದರು, ಬಂದ ಚೆಂಡನ್ನು ಒದ್ದು ದೂರ ಕಳಿಸಿದರು, ಯಾರೂ ಚಪ್ಪಾಳೆ ತಟ್ಟದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದರು. ಆಟ ಮುಗಿಯುತ್ತ ಬಂದಾಗ ಅದೇ ಎಡಗಾಲಿನ ಫಾರ್ವರ್ಡ್ ಅದೇ ಬಗೆಯಲ್ಲಿ ಬಂದು ನಿಂತ; ಹಿಂದಿನಿಂದ ಚೆಂಡು ಬರಲಿತ್ತು. “ಕೈ! ಕೈ! ಎತ್ತಿ ಕೈ!” ಎಂದು ಮೈದಾನವೆಲ್ಲ ಎದ್ದು ನಿಂತು ಕೂಗಿತು. ಜನದ ನಡುವೆ ಕೂತಿದ್ದ ಅತ್ತೆ, ಕೈಯಲ್ಲಿ ಹಗ್ಗವಿಲ್ಲವಾಗಿ, ಪಕ್ಕದ ಹೆಂಗಸಿನ ಶಾಲನ್ನೇ ಹಿಡಿದು ಶಕ್ತಿಮೀರಿ ಎಳೆಯುತ್ತಿದ್ದರಂತೆ. ಮಾವನವರ ಬೆರಳುಗಳು ಬಿಗಿದವು, ಬಿಟ್ಟವು. ಅವರು ತಿರುಗಿ ಗೋಲಿನ ಕಡೆಗೆ, ಕಂಬಣ್ಣನ ಪಕ್ಕಕ್ಕೆ ಓಡಿದರು. ಕಂಬಣ್ಣ ಹಾರಿದರು, ಚೆಂಡು ಅವರ ತಲೆಗೆ ಸಿಗದೆ ಜಾರಿತು. ಫಾರ್ವರ್ಡ್ ಕಾಲೆತ್ತುವಷ್ಟರಲ್ಲಿ ಮಾವನವರು ಅಡ್ಡಬಂದು ಅದನ್ನು ಮೈದಾನದಾಚೆಗೆ ಒದ್ದರು. ಪಂದ್ಯ ಯಾರಿಗೂ ಗೋಲಿಲ್ಲದೆ ಮುಗಿಯಿತು. ಜನ, ಏನೋ ಸಿಗದೆ ಹೋದವರಂತೆ, ಮೆಲ್ಲಗೆ ಚದರಿದರು.

ಸಂಜೆ ಬೇಕರಿಯ ಹಿಂಬದಿಯ ಕೋಣೆಯಲ್ಲಿ ಇಬ್ಬರೂ ಬಿಸಿನೀರಿನ ತಪ್ಪಲೆಗಳಲ್ಲಿ ಕಾಲಿಟ್ಟುಕೊಂಡು ಕೂತಿದ್ದರು. ಅತ್ತೆ ಚಹಾ ತಂದಿಟ್ಟರು. ಮಾವನವರ ಕಣ್ಣು ಕೆಂಪಾಗಿತ್ತು.

“ಅಂಗಿ ವಾಪಸ್ ಕೊಟ್ಬಿಡ್ತೀನಿ ಭಾವ” ಎಂದರು. “ಇವತ್ತು ಆಡಿದೋನು ನಾನಲ್ಲ. ಯಾರೋ ಬೇರೆಯೋನು. ಅಂಥೋರು ಬೀದಿಗೆ ನಾಲ್ಕು ಜನ ಸಿಗ್ತಾರೆ. ಜನ ಎಷ್ಟು ಆಸೆಯಿಂದ ಬಂದಿದ್ರು, ಬರಿಗೈಲಿ ಕಳಿಸ್ದೆ.”

ಕಂಬಣ್ಣ ಎಂದಿನಂತೆ ಸಾವಕಾಶವಾಗಿ ಚಹಾ ಮುಗಿಸಿ ಲೋಟ ಕೆಳಗಿಟ್ಟರು.

“ನೀನು ಕೈ ಎತ್ತಿ ಹೋಗ್ಬಿಡ್ತಿದ್ದೆ. ಬೆನ್ನು ಬೇರೆ ತಿರುಗಿಸ್ತಿದ್ದೆ. ಶಿಳ್ಳೆ ಬರೋವರ್ಗೂ ಅಲ್ಲಿ ನಾನೊಬ್ನೇ ಕಣೋ. ಬರದೇ ಹೋದ್ರೆ ಏನಪ್ಪಾ ಗತಿ ಅಂತ ಪ್ರತಿಸಲ ಎದೆ ಡವಡವ ಅನ್ನೋದು. ಇಷ್ಟು ವರ್ಷ ಹೆದರ್ಕೊಂಡೇ ಆಡಿದೀನಿ. ಇವತ್ತು ಚೆಂಡು ನನ್ನ ದಾಟಿ ಹೋಯ್ತು, ತಿರುಗಿ ನೋಡ್ತೀನಿ, ನೀನಿದ್ದೆ.” ತಪ್ಪಲೆಯಲ್ಲಿ ಕಾಲಾಡಿಸುತ್ತ ಅವರು ಮತ್ತೆ ಹೇಳಿದರು. “ಮೊದಲ್ನೇ ಸಲ ಆಟ ಖುಷಿ ಅನ್ನಿಸ್ತು ಭಾವ.”

ಅತ್ತೆ ಹೇಳುವಂತೆ, ಮಾವನವರು ಭಾವನ ಕಡೆಗೆ ತಿರುಗಿದರು. ಎಂದಿನ ‘ಅದು ಹಾಗಲ್ಲ’ ಎನ್ನದೆಯೇ “ಮೊದಲೇ ಯಾಕೋ ಹೇಳಲಿಲ್ಲ?” ಎಂದು ಕೇಳಿದರು. “ನೀನು ತಿರುಗಿ ನೋಡಿದ್ರೆ ತಾನೇ ಹೇಳೋದು” ಎಂದು ಕಂಬಣ್ಣ ನಕ್ಕರು.

ಅಂಗಿ ವಾಪಸು ಹೋಗಲಿಲ್ಲ. ಆಮೇಲೂ ಕೆಲವು ವರ್ಷ ಇಬ್ಬರೂ ಜೊತೆಯಾಗಿ ಆಡಿದರು, ಸಾಧಾರಣ ಬ್ಯಾಕುಗಳು ಆಡುವ ಹಾಗೆ, ಅಕ್ಕಪಕ್ಕ ನಿಂತು. ಪತ್ರಿಕೆಗಳು ಈ ಅವಧಿಯ ಬಗ್ಗೆ ಏನನ್ನೂ ಬರೆಯಲಿಲ್ಲ. ನಮ್ಮ ಮನೆಗೆ ಹಳೆಯ ಆಟದ ಕತೆ ಕೇಳಲು ಬಂದವರಿಗೆ ಮಾತ್ರ ಮಾವನವರು ಆ ಕೊನೆಯ ವರ್ಷಗಳನ್ನೇ ಹೇಳಿ ಹೇಳಿ ನಿರಾಶೆ ಮಾಡುತ್ತಿದ್ದರು. ಹಡಗಿನ ಕತೆ ಕೇಳಿದರೆ ಕಂಬಣ್ಣನ ಮಂಡಿಯ ಕತೆ ಬರುತ್ತಿತ್ತು. ಮೈದಾನದಿಂದ ಹೊರದೂಡಿದ ಹೆಜ್ಜೆ ಹೋಗುವುದಾದರೂ ಎಲ್ಲಿಗೆ? ಅದು ಬೀದಿಯಲ್ಲಿ ಬಿಡಾರ ಹೂಡಿತು, ಮೊಟ್ಟೆಯ ಬುಟ್ಟಿಗಳಿಗೆ ಕಂಟಕವಾಯಿತು. ಅದನ್ನು ಬಿಡಿಸಲು ಯಾರೂ ಹೋಗಲಿಲ್ಲ, ಅತ್ತೆಯೂ ಕೂಡ.

ಕಂಬಣ್ಣ ತುಂಬು ವಯಸ್ಸಿನಲ್ಲಿ, ನಿದ್ದೆಯಲ್ಲೇ ತೀರಿಕೊಂಡರು. ಮರುದಿನದ ಪತ್ರಿಕೆಯ ಒಳಪುಟದಲ್ಲಿ ‘ಖ್ಯಾತ ಆಟಗಾರ ಒಂದ್ಹೆಜ್ಜೆಯವರ ಜೊತೆಗಾರ ನಿಧನ’ ಎಂಬ ಚಿಕ್ಕ ಸುದ್ದಿಯಿತ್ತು. ಓದಿದ ಮಾವನವರು ಎದ್ದು ಮುಖ ತೊಳೆದು ನನ್ನನ್ನು ಕರೆದುಕೊಂಡು ನೇರವಾಗಿ ಪತ್ರಿಕಾಲಯಕ್ಕೆ ಹೊರಟರು. ಅವರು ಕೋಪಗೊಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ. ಮಹಡಿಯ ಮೇಲೆ, ಕಾಗದದ ರಾಶಿಯ ಹಿಂದೆ ಕೂತಿದ್ದ ಉಪಸಂಪಾದಕಿಯೊಬ್ಬಳ ಮೇಜಿನ ಮೇಲೆ ಪತ್ರಿಕೆ ಹರಡಿ, ಆ ಶೀರ್ಷಿಕೆಯ ಮೇಲೆ ಬೆರಳಿಟ್ಟರು.

“ತಪ್ಪು ಹಾಕಿದೀಯಮ್ಮ. ಅವನು ನನ್ನ ಜೊತೆಗಾರ ಅಲ್ಲ. ನಾನು ಅವನ ಜೊತೆಗಾರ. ತಿದ್ದು.”

“ಎರಡೂ ಒಂದೇ ಅಲ್ವಾ ತಾತ?”

“ಒಂದೇ ಆಗಿದ್ರೆ ನಾನು ಈ ಮಂಡಿ ಇಟ್ಕೊಂಡು ಇಷ್ಟು ಮೆಟ್ಲು ಹತ್ತಿ ಬರ್ತಿದ್ನಾ?” ಎಂದರು. ಆ ಹುಡುಗಿಗೆ ಏನು ತಿಳಿಯಿತೋ, ಎದ್ದು ಕುರ್ಚಿ ಕೊಟ್ಟು, ಅವರ ಮುಂದೆಯೇ ತಿದ್ದುಪಡಿ ಬರೆದಳು.

ಲೋಕದಲ್ಲಿ ಮುಂದೆ ಹೆಜ್ಜೆಯಿಡುವವರಿಗೆ ಎಂದೂ ಕೊರತೆಯಿಲ್ಲ. ಅವರ ಧೈರ್ಯವನ್ನು ನಾವು ಕೊಂಡಾಡುತ್ತೇವೆ, ಹಾಡಿ ಹೊಗಳುತ್ತೇವೆ. ಆ ಧೈರ್ಯದ ಅರ್ಧಪಾಲು ಹಿಂದೆ ಉಳಿದು ಹೆದರುತ್ತ ನಿಂತ ಇನ್ನೊಬ್ಬನದೆಂಬುದು ನಮಗೂ ಹೊಳೆಯುವುದಿಲ್ಲ, ಅವರಿಗೂ ಹೊಳೆಯುವುದಿಲ್ಲ. ಹೆಚ್ಚಿನವರು ಅದನ್ನು ಅರಿಯದೆಯೇ ಬಾಳಿ, ಅರಿಯದೆಯೇ ಹೋಗುತ್ತಾರೆ. ಕಾಲ ತಿರುಗಿ, ಕಲಿತ ವಿದ್ಯೆ ಕೈಕೊಟ್ಟು, ಹತ್ತು ಜನರ ಮುಂದೆ ತಲೆ ತಗ್ಗಿಸಬೇಕಾಗಿ ಬಂದ ಕೆಲವರಿಗೆ ಮಾತ್ರ ಹಿಂದಿರುಗಿ ನೋಡುವ ಭಾಗ್ಯ ಲಭಿಸುತ್ತದೆ. ಅಂಥವರಲ್ಲಿಯೂ, ಕಂಡದ್ದನ್ನು ಬಾಯಿಬಿಟ್ಟು ಹೇಳಲು ಮುದಿಗಾಲಿನಲ್ಲಿ ಮೆಟ್ಟಿಲು ಹತ್ತುವವರು ಬಹಳ ಕಡಿಮೆ.